ಕರಿಘಟ್ಟದಿಂದ ಕಾಣುವ ಬಯಲು

ಫೆಬ್ರುವರಿಯ ಬೆಳಗು. ಕರಿಘಟ್ಟದ ಶ್ರೀನಿವಾಸನ ಗುಡಿಯ ಬಾಗಿಲು ಇನ್ನೂ ತೆರೆದಿಲ್ಲ. ಮೆಟ್ಟಿಲು ಹತ್ತಿದ ಏದುಸಿರು ಹದಕ್ಕೆ ಬರುವವರೆಗೆ ಪಡುವಣ ಅಂಚಿನ ಬಂಡೆಯ ಮೇಲೆ ಕೂತುಕೊಳ್ಳಿ. ಸೂರ್ಯ ನಿಮ್ಮ ಬೆನ್ನಿಗಿದ್ದಾನೆ. ಗುಡ್ಡದ ನೆರಳು ಕೆಳಗಿನ ಗದ್ದೆಗಳ ಮೇಲೆ ಉದ್ದಕ್ಕೆ ಬಿದ್ದಿದೆ. ನೋಡನೋಡುತ್ತಲೇ ಹಿಂದಕ್ಕೆ ಸರಿಯುತ್ತಿದೆ. ಬುಡದಲ್ಲಿ ಲೋಕಪಾವನಿ ಬಂದು ಕಾವೇರಿಗೆ ಸೇರುತ್ತಾಳೆ. ಹೊಳೆಯಾಚೆ ಗಂಜಾಂ, ತೆಂಗಿನ ತಲೆಗಳ ನಡುವೆ ಹೈದರ್, ಟಿಪ್ಪುಗಳ ಗೋರಿಯ ಗುಂಬಜಿನ ದುಂಡು ಬೆನ್ನು, ಇನ್ನೂ ಆಚೆಗೆ ರಂಗನಾಥನ ಗೋಪುರ, ಮಸೀದಿಯ ಎರಡು ಮಿನಾರುಗಳು. ಮಂಜು ಕರಗಿದರೆ ನೈಋತ್ಯದಲ್ಲಿ ಚಾಮುಂಡಿ ಬೆಟ್ಟ ತಿಳಿನೀಲಿಯಾಗಿ ಏಳುತ್ತದೆ. ಕಿವಿಗೆ ಮಾತ್ರ ಇವತ್ತಿನ ಕಾಲ: ಬೆಂಗಳೂರು-ಮೈಸೂರು ಹೆದ್ದಾರಿಯ ಲಾರಿಗಳು, ಒಂದು ರೈಲು.

ತೊಡೆಯ ಮೇಲೆ ಹಲಗೆ, ಹಲಗೆಗೆ ಸಿಕ್ಕಿಸಿದ ಕಾಗದ. ಪಕ್ಕದಲ್ಲಿ ನೀರಿನ ಡಬ್ಬಿ. ಚೀಲದಲ್ಲಿ ಒಂದು ಹಳೆಯ ಪುಸ್ತಕದ ಹಾಳೆಗಳ ನಕಲು. 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಅದು. ಚಿತ್ರಗಾರ ರಾಬರ್ಟ್ ಹೋಮ್. ಈ ಸೀಮೆಯನ್ನು ಕಣ್ಣಾರೆ ಕಂಡು, ಗುಡ್ಡ, ಹೊಳೆ, ಬಂಡೆ, ದಿಗಂತವನ್ನು ಒಂದು ಚೌಕಟ್ಟಿನೊಳಗೆ ಕೂರಿಸಿ, ದೂರದ್ದು ಮಸುಕು, ಹತ್ತಿರದ್ದು ಗಾಢ ಎಂಬ ಲೆಕ್ಕದಲ್ಲಿ ಬರೆದ ಮೊದಲ ಕೆಲವರಲ್ಲಿ ಅವನೂ ಒಬ್ಬ. ಆ ಕೆಲವರು ಬಂದದ್ದು ದಂಡಿನ ಜೊತೆ. ನಮ್ಮ ಮಂಡ್ಯದ ನೆಲಕ್ಕೆ ನಿಸರ್ಗಚಿತ್ರ ಎಂಬುದು ಕಾಲಿಟ್ಟದ್ದು ಫಿರಂಗಿಯ ಬೆನ್ನಿಗೆ. ಈ ಬಂಡೆಯ ಮೇಲೆ ಕೂತು ಚಿತ್ರ ಬರೆಯುವ ಯಾರೂ ಆ ಸಂಗತಿಯನ್ನು ತಿಳಿದೇ ಬರೆಯಬೇಕೆಂದು ನನಗೆ ಅನ್ನಿಸುತ್ತದೆ.

ಗೆರೆ ಹಾಕುವ ಮೊದಲು ಒಂದು ಸೋಲಿನ ದಾರಿ ನಡೆಯೋಣ. 1791ರ ಮೇ ತಿಂಗಳು. ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿದ್ದಿದೆ. ಕಾರ್ನ್‌ವಾಲಿಸ್‌ನ ಇಂಗ್ಲಿಷ್ ದಂಡು ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣಕ್ಕೆ ಹೊರಟಿದೆ. ಚನ್ನಪಟ್ಟಣ-ಮದ್ದೂರಿನ ನೇರ ದಾರಿಯಲ್ಲಿ ಟಿಪ್ಪು ಕಾದಿದ್ದಾನೆಂದು ಅವರು ಕನಕಪುರದ ಕಡೆಗೆ ತಿರುಗಿ ಮಳವಳ್ಳಿಯ ಮೇಲೆ ಬರುತ್ತಾರೆ. ನೀವು ಆ ಸಾಲಿನ ಬಾಲದಲ್ಲಿದ್ದೀರಿ. ಎರಡೂ ಕಡೆ ಹುಲ್ಲಿನ ಬಣವೆ ಸುಟ್ಟ ಕರಿ. ಊರುಗಳಲ್ಲಿ ಆಳಿಲ್ಲ, ದನವಿಲ್ಲ. ಶತ್ರುವಿಗೆ ಒಂದು ಕಂತೆ ಮೇವೂ ಸಿಗಬಾರದೆಂದು ಟಿಪ್ಪು ಮುಂದಾಗಿಯೇ ಎಲ್ಲ ಖಾಲಿ ಮಾಡಿಸಿದ್ದಾನೆ. ಎತ್ತುಗಳು ನೊಗದಲ್ಲೇ ಕುಸಿಯುತ್ತಿವೆ. ಕುಸಿದವನ್ನು ಬಿಟ್ಟು ಸಿಪಾಯಿಗಳೇ ಫಿರಂಗಿಗೆ ಹಗ್ಗ ಕಟ್ಟಿ ಎಳೆಯುತ್ತಾರೆ. ಮೇಲಿಂದ ಮಳೆ. ಮೇ 13ಕ್ಕೆ ಅರಕೆರೆ. ಹೊಳೆ ತುಂಬಿ ಹರಿಯುತ್ತಿದೆ, ದಾಟುವ ಹಾಗಿಲ್ಲ. 15ರಂದು ಕಾಳಗ ಗೆದ್ದರೂ ಹೊಟ್ಟೆಗೆ ದಾರಿಯಿಲ್ಲ. ಮೇಲಿನ ಕಡವು ಹುಡುಕಿಕೊಂಡು ಕನ್ನಂಬಾಡಿಯವರೆಗೆ ಹೋಗಿ, ಅಲ್ಲಿ ತಮ್ಮ ದೊಡ್ಡ ತೋಪುಗಳನ್ನು ತಾವೇ ಒಡೆದುಹಾಕಿ, ತಿಂಗಳ ಕೊನೆಗೆ ಹಿಂದಿರುಗುತ್ತಾರೆ.

ಆ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನ ಅಡಿಯಲ್ಲಿದೆ. ಊರನ್ನು ಬೇರೆಡೆ ಕಟ್ಟಿದರು. ವೇಣುಗೋಪಾಲಸ್ವಾಮಿಯ ದೇವಸ್ಥಾನವನ್ನು ಬಹುಕಾಲದ ಮೇಲೆ ಎತ್ತಿ ತಂದು ಹೊಸ ಕನ್ನಂಬಾಡಿಯಲ್ಲಿ ನಿಲ್ಲಿಸಿದರು. ಆ ಕಡವನ್ನು ಬರೆಯಹೋದವರಿಗೆ ಇವತ್ತು ಸಿಗುವುದು ನೀರಿನ ಮೇಲ್ಮೈ ಮಾತ್ರ.

ಹೋಮ್ ಈ ದಂಡಿನ ಜೊತೆ ತಿರುಗಿದವನು. 1752ರಲ್ಲಿ ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ ಹುಟ್ಟಿದ. ಮನೆತನವೆಲ್ಲ ವೈದ್ಯರದು: ತಂದೆ ಶಸ್ತ್ರವೈದ್ಯ, ತಮ್ಮ ಎವರಾರ್ಡ್ ಹೋಮ್ ಹೆಸರಾಂತ ಶಸ್ತ್ರವೈದ್ಯ, ಅಕ್ಕನ ಗಂಡ ಜಾನ್ ಹಂಟರ್ ಆ ಕಾಲದ ಶಸ್ತ್ರವೈದ್ಯರಲ್ಲೇ ಅಗ್ರಗಣ್ಯ. ಇವನೊಬ್ಬ ಕುಂಚ ಹಿಡಿದ. ಏಂಜೆಲಿಕಾ ಕೌಫ್‌ಮನ್ ಎಂಬ ಚಿತ್ರಗಾರ್ತಿಯ ಬಳಿ ಕಲಿತು, ರೋಮಿನಲ್ಲಿ ಇದ್ದು, ಡಬ್ಲಿನ್ನಿನಲ್ಲಿ ದೊಡ್ಡವರ ಭಾವಚಿತ್ರ ಬರೆದು, ಆಮೇಲೆ ಹಡಗು ಹತ್ತಿದ. 1791ರ ಮೊದಲಿಗೆ ಮದರಾಸಿನಲ್ಲಿ ಇಳಿದಾಗ ಅವನಿಗೆ ನಲವತ್ತರ ಹತ್ತಿರ. ಎದುರಿಗೆ ಯುದ್ಧ ನಡೆಯುತ್ತಿತ್ತು. ಭಾವಚಿತ್ರಗಾರ ಬಯಲಿಗೆ ಬಂದದ್ದು ಹೀಗೆ.

ಬಯಲು ಅವನಿಗೆ ಏನು ಕಲಿಸಿರಬೇಕೆಂದು ನಿಮ್ಮ ಕೈಯೇ ಹೇಳುತ್ತದೆ. ಕಾಗದಕ್ಕೆ ನೀರು ಸವರಿ ಆಕಾಶದ ಬಣ್ಣ ಇಳಿಸಿ. ಇಂಗ್ಲೆಂಡಿನ ತೇವದ ಹವೆಯಲ್ಲಿ ಆ ಬಣ್ಣ ನಿಧಾನವಾಗಿ ಹರಡಿ, ಮೋಡದ ಅಂಚು ತಾನಾಗಿ ಮೆತ್ತಗಾಗುತ್ತದೆ. ಇಲ್ಲಿ, ಬೆಳಿಗ್ಗೆ ಒಂಬತ್ತು ದಾಟಿತೆಂದರೆ, ಕುಂಚ ಎತ್ತುವುದರೊಳಗೆ ಅಂಚು ಒಣಗಿ ಗೆರೆ ಕಟ್ಟಿಬಿಡುತ್ತದೆ. ಎರಡನೆಯ ಸಲ ಸವರಿದರೆ ಕಲೆ. ಹಾಗಾಗಿ ಈ ಸೀಮೆಯ ಬಯಲಿನಲ್ಲಿ ಕೂತು ಬರೆಯುವವರು ಒಂದೋ ಮುಂಜಾನೆಯೇ ಮುಗಿಸಬೇಕು, ಇಲ್ಲವೇ ಪೆನ್ಸಿಲ್ಲಿನಲ್ಲಿ ಎಲ್ಲವನ್ನೂ ಹಿಡಿದು, ತೆಳುವಾಗಿ ಒಂದೆರಡು ಛಾಯೆ ಹಾಕಿ, ಉಳಿದದ್ದನ್ನು ನೆರಳಿಗೆ ಹೋಗಿ ತುಂಬಬೇಕು. ಆ ಕಾಲದ ಚಿತ್ರಗಾರರ ರೂಢಿಯೂ ಎರಡನೆಯದೇ. ಸ್ಥಳದಲ್ಲಿ ರೇಖೆ, ಡೇರೆಯಲ್ಲಿ ಛಾಯೆ. ಆಮೇಲೆ ಹಾಳೆಗಳು ಸಮುದ್ರ ದಾಟಿ ಲಂಡನ್ನಿಗೆ ಹೋಗುತ್ತಿದ್ದವು. ಅಲ್ಲಿ ತಾಮ್ರದ ತಗಡಿನ ಮೇಲೆ ಕೊರೆಯುವವರು ಮೈಸೂರು ಸೀಮೆಯನ್ನು ಕಂಡವರಲ್ಲ. ಈಚಲು, ತೆಂಗು, ತಾಳೆ ಅವರ ಉಳಿಯ ಕೆಳಗೆ ಒಂದೇ ಜಾತಿಯಾಗಿ ಬೆಳೆದವು. ಹಳೆಯ ಅಚ್ಚುಗಳಲ್ಲಿ ನಮ್ಮ ಮರಗಳು ಅಪರಿಚಿತವಾಗಿ ಕಂಡರೆ ತಪ್ಪು ಕೂತು ಬರೆದವನದೇ ಆಗಿರಬೇಕಿಲ್ಲ.

ಬಂಡೆಗಳ ವಿಷಯದಲ್ಲಿ ಮಾತ್ರ ಹೋಮನ ಕಣ್ಣು ಸುಳ್ಳಾಡುವುದಿಲ್ಲ. ಸಾವನದುರ್ಗ, ಹುತ್ರಿದುರ್ಗ, ರಾಮಗಿರಿ, ಶಿವಗಂಗೆ: ಪುಸ್ತಕದ ಹಾಳೆ ತಿರುವಿದರೆ ದುರ್ಗದ ಮೇಲೆ ದುರ್ಗ. ಮಳೆ ಹರಿದು ಕಪ್ಪಾದ ಪಟ್ಟೆ, ನೆತ್ತಿಯ ಬೋಳು, ಪಕ್ಕೆಯ ಸೀಳು ಎಲ್ಲವನ್ನೂ ದಂಡಿನ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದಾನೆ. ಕೋಟೆಗೆ ಎಲ್ಲಿಂದ ಏಣಿ ಹಾಕಬಹುದು ಎಂದಷ್ಟೇ ತಿಳಿಯಬೇಕಿದ್ದರೆ ನಕ್ಷೆ ಸಾಕಿತ್ತು. ಭಾವಚಿತ್ರಗಾರನಿಗೆ ಮುಖದ ಮೇಲಿನ ಮೋಹ ಬಿಟ್ಟುಹೋಗಿರಲಿಲ್ಲವೆಂದೂ, ಬೆಟ್ಟಗಳಿಗೂ ಅವನು ಮುಖ ಹುಡುಕುತ್ತಿದ್ದನೆಂದೂ ನಾನು ಓದಿಕೊಳ್ಳುತ್ತೇನೆ.

ಈಗ ತಲೆ ಎತ್ತಿ ಬಲಕ್ಕೆ, ಉತ್ತರದ ಕಡೆ ನೋಡಿ. ಅಲ್ಲಿ ಪಾಂಡವಪುರ, ಅಂದಿನ ಹಿರೋಡೆ. ಹೈದರ್, ಟಿಪ್ಪುಗಳ ಊಳಿಗದಲ್ಲಿದ್ದ ಫ್ರೆಂಚರು ಬಿಡಾರ ಹೂಡಿದ್ದ ಜಾಗವಾದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. 1792ರ ಫೆಬ್ರುವರಿ 5ಕ್ಕೆ ಕಾರ್ನ್‌ವಾಲಿಸ್ ಮರಳಿ ಬಂದು ಡೇರೆ ಹೊಡೆದದ್ದು ಅಲ್ಲಿ. ನಿಮಗೂ ಆ ಬಂಡೆಗಳಿಗೂ ನಡುವಿನ ಬಯಲಿನಲ್ಲಿ ಟಿಪ್ಪುವಿನ ದಂಡು, ಅದರ ಸುತ್ತ ದಟ್ಟ ಮುಳ್ಳುಬೇಲಿ, ನಡುನಡುವೆ ಮಣ್ಣಿನ ಬುರುಜುಗಳು. 6ರ ರಾತ್ರಿ ಹಾಲು ಚೆಲ್ಲಿದಂಥ ಬೆಳದಿಂಗಳು. ಮೂರು ಸಾಲಾಗಿ ಇಂಗ್ಲಿಷರ ದಂಡು ಹೊರಡುತ್ತದೆ. ಎಡದ ಸಾಲು ಮ್ಯಾಕ್ಸ್‌ವೆಲ್‌ನದು. ಅದು ಏರಿ ಬರುವುದು ನೀವು ಕೂತಿರುವ ಈ ಕರಿಘಟ್ಟಕ್ಕೆ. ಬಂದೂಕಿನ ಕಿಡಿ, ಮೆಟ್ಟಿಲ ಮೇಲೆ ಬೂಟು, ಕೆಳಗೆ ಕತ್ತಲ ಹೊಳೆಯಲ್ಲಿ ಎದೆಮಟ್ಟದ ನೀರಿಗೆ ಇಳಿದವರ ಕೂಗು. ಬೆಳಗಾದಾಗ ಗಂಜಾಮಿನ ತುದಿ ಅವರ ಕೈಯಲ್ಲಿತ್ತು.

ಚಿತ್ರಗಾರನಿಗೆ ಮುಖ್ಯವಾದದ್ದು ನಡೆದದ್ದು ಆಮೇಲೆ. ಗುಂಬಜಿನ ಸುತ್ತ ಟಿಪ್ಪುವಿನ ಲಾಲ್‌ಬಾಗ್ ಇತ್ತು, ಸಾಲು ಸಾಲು ಸೈಪ್ರೆಸ್ ಮರಗಳು, ಹಣ್ಣಿನ ಗಿಡಗಳು. ಮುತ್ತಿಗೆ ಹಾಕುವವರಿಗೆ ಮಣ್ಣು ತುಂಬುವ ಬುಟ್ಟಿ ಹೆಣೆಯಲು, ಹಳ್ಳ ಮುಚ್ಚಲು ಕೊಂಬೆ ಬೇಕು. ತೋಟವನ್ನು ಕಡಿದರು. ತೋಟದ ಅರಮನೆಯಲ್ಲಿ ಗಾಯಾಳುಗಳನ್ನು ಮಲಗಿಸಿದರು. ರಾಬರ್ಟ್ ಕೋಲ್‌ಬ್ರುಕ್ ಎಂಬ ದಂಡಿನ ಅಳತೆಗಾರ ಗುಂಬಜನ್ನು ಅದೇ ಯುದ್ಧದ ದಿನಗಳಲ್ಲಿ ಬರೆದ. ಹನ್ನೆರಡು ನೋಟಗಳ ಅವನ ಸಂಪುಟದಲ್ಲಿ ಆ ಚಿತ್ರ ಇದೆ. ಬಲು ಹಿತವಾದ ಚಿತ್ರ ಅದು. ಮರ ಕಡಿಯುವ ಸದ್ದಿನ ನಡುವೆ ಇಂಥ ನೋಟಗಳು ಹುಟ್ಟಿದವು ಎಂಬುದನ್ನು ನೆನೆದಾಗ ಆ ಹಿತವೇ ಮುಳ್ಳಾಗುತ್ತದೆ. ಕೋಲ್‌ಬ್ರುಕ್ ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದ. ಜೇಮ್ಸ್ ಹಂಟರ್ ಎಂಬ ಫಿರಂಗಿ ಪಡೆಯ ಲೆಫ್ಟಿನೆಂಟ್ ಕೂಡ ಇದೇ ಯುದ್ಧದಲ್ಲಿ ಬರೆಯುತ್ತಿದ್ದ, 1792ರಲ್ಲೇ ತೀರಿಹೋದ. ಬಣ್ಣ ತುಂಬಿದ ಅವನ ಮೈಸೂರು ನೋಟಗಳು ಪುಸ್ತಕವಾದದ್ದು ಅವನು ಸತ್ತು ಹನ್ನೆರಡು ವರ್ಷ ಕಳೆದ ಮೇಲೆ. ಇನ್ನು ಟರ್ನರ್. ನಿಸರ್ಗಚಿತ್ರದ ಲೋಕದಲ್ಲಿ ಅವನಷ್ಟು ದೊಡ್ಡ ಹೆಸರು ಕಡಿಮೆ. 1799ರ ಮುತ್ತಿಗೆಯನ್ನು ಅವನೂ ಜಲವರ್ಣದಲ್ಲಿ ಬರೆದಿದ್ದಾನೆ, ಲಂಡನ್ನಿನ ಟೇಟ್‌ನಲ್ಲಿದೆ. ಇಂಡಿಯಾಕ್ಕೆ ಅವನು ಬರಲೇ ಇಲ್ಲ. ಬೇರೆಯವರ ರೇಖೆಗಳನ್ನು ನೋಡಿ ಬರೆದ. ಬೆಳಕು ಬೆರಗು ಹುಟ್ಟಿಸುತ್ತದೆ, ಆದರೆ ಅದು ಕಾವೇರಿಯ ಬೆಳಕೆಂದು ನಾನು ಒಪ್ಪಲಾರೆ. ಮಳೆ ಹೋದ ಮೇಲಿನ ಶ್ರೀರಂಗಪಟ್ಟಣದ ಬೆಳಕಿಗೆ ಅಷ್ಟು ಮೋಡವಿಲ್ಲ, ಅಷ್ಟು ದಯೆಯೂ ಇಲ್ಲ.

ಮತ್ತೆ 1792ಕ್ಕೆ. ಫೆಬ್ರುವರಿ 26. ಹೋಮ್ ಬರೆದ ದೊಡ್ಡ ತೈಲಚಿತ್ರದೊಳಕ್ಕೆ ಹೆಜ್ಜೆ ಇಡಿ. ಆನೆಗಳು, ಡೇರೆಗಳು, ಕೆಂಪು ಕೋಟಿನ ಅಧಿಕಾರಿಗಳು. ಟಿಪ್ಪುವಿನ ಇಬ್ಬರು ಮಕ್ಕಳು, ಹತ್ತರ ಆಸುಪಾಸಿನ ಹುಡುಗರು, ಬಿಳಿ ಮಲ್ಲಿನ ಅಂಗಿ, ಕೆಂಪು ರುಮಾಲು, ಕೊರಳಲ್ಲಿ ಮುತ್ತಿನ ಸರ. ತಂದೆ ಸೋತು ಮಾಡಿಕೊಂಡ ಒಪ್ಪಂದಕ್ಕೆ ಒತ್ತೆಯಾಳುಗಳಾಗಿ ಬಂದಿದ್ದಾರೆ. ವಕೀಲ ಗುಲಾಮ್ ಅಲಿ ಖಾನ್ ಅವರನ್ನು ಒಪ್ಪಿಸುತ್ತಿದ್ದಾನೆ, ಕಾರ್ನ್‌ವಾಲಿಸ್ ಕೈ ಚಾಚಿದ್ದಾನೆ. ಎಲ್ಲರ ಕಣ್ಣೂ ಅಲ್ಲಿದೆ. ನೀವು ಎಡ ಅಂಚಿಗೆ ಬನ್ನಿ. ಗುಂಪಿನ ತುದಿಯಲ್ಲಿ, ಕಂಕುಳಲ್ಲಿ ಚಿತ್ರದ ಹಾಳೆಗಳ ಕಡತ ಇರುಕಿಕೊಂಡು ಒಬ್ಬ ನಿಂತಿದ್ದಾನೆ. ಅದು ಹೋಮನೇ. ಇದೇ ಪ್ರಸಂಗವನ್ನು ಇಂಗ್ಲೆಂಡಿನಲ್ಲಿ ಕೂತು ಹಲವರು ಬರೆದರು. ಆ ಕಡತ ಅವರ ಕಂಕುಳಲ್ಲಿ ಇರಲಿಲ್ಲ. ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. ಗೆದ್ದವರಿಗಾಗಿ ಬರೆದ ಚಿತ್ರ, ಸಂಶಯವಿಲ್ಲ. ಆದರೂ ತನ್ನನ್ನು ನಡುವಿಗೆ ತರದೆ, ಹೊರಗೂ ಬಿಡದೆ, ಅಂಚಿನಲ್ಲಿ ನಿಲ್ಲಿಸಿಕೊಂಡ ಆ ಜಾಗ ಬಯಲಿನಲ್ಲಿ ಕೂತು ಬರೆಯುವವರೆಲ್ಲರ ಜಾಗ.

ಗುಡ್ಡ ಇಳಿದು, ಹೊಳೆ ದಾಟಿ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿಗೆ ಬನ್ನಿ. ಹೊರಗಿನ ಬಿಸಿಲು ಕಣ್ಣಲ್ಲಿ ಇನ್ನೂ ಕುಣಿಯುತ್ತಿದೆ. ಜಗಲಿಯ ನೆರಳಿಗೆ ಬಂದ ಮೇಲೆ ಗೋಡೆ ನಿಧಾನವಾಗಿ ಕಾಣತೊಡಗುತ್ತದೆ. ಪಡುವಣ ಗೋಡೆಯಲ್ಲಿ 1780ರ ಪೊಲ್ಲಿಲೂರಿನ ಕಾಳಗ, ಇಂಗ್ಲಿಷರು ಹೈದರ್, ಟಿಪ್ಪುವಿಗೆ ಸೋತದ್ದು. ಪಲ್ಲಕ್ಕಿಯಲ್ಲಿ ಗಾಯಗೊಂಡ ಇಂಗ್ಲಿಷ್ ದಂಡನಾಯಕ ಬೈಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸಾಲು ಕುದುರೆ, ಆನೆಯ ಮೇಲೆ ಹೈದರ್, ಟಿಪ್ಪು. ಇದನ್ನು ಬರೆದ ಚಿತ್ರಗಾರರು ಈ ನಾಡಿನವರು, ಹೆಸರು ಉಳಿದಿಲ್ಲ. ಒಮ್ಮೆ ಇದರ ಮೇಲೆ ಸುಣ್ಣ ಬಿದ್ದಿತ್ತು. ಇಲ್ಲಿ ಬಿಡಾರ ಮಾಡಿದ್ದ ಇಂಗ್ಲಿಷ್ ಕರ್ನಲ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ, ಐವತ್ತು ವರ್ಷ ಕಳೆದು ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ಗೋಡೆಯ ಮುಂದೆ ನಿಂತು ದಿಗಂತವನ್ನು ಹುಡುಕಿ. ಸಿಗುವುದಿಲ್ಲ. ದೂರದವನು ಚಿಕ್ಕವನಾಗುವುದಿಲ್ಲ, ಹಿಂದಿರುವವನು ಮೇಲಿರುತ್ತಾನೆ, ಅಷ್ಟೆ. ಒಂದೇ ಕಡೆ ನಿಂತು ನೋಡುವವನಿಗಾಗಿ ಬರೆದದ್ದಲ್ಲ ಇದು. ಗೋಡೆಯುದ್ದಕ್ಕೂ ನಡೆಯುತ್ತ, ಬೆರಳು ತೋರಿಸಿ ಕಥೆ ಹೇಳಿಸಿಕೊಳ್ಳುವವರಿಗಾಗಿ ಬರೆದದ್ದು.

ಹೋಮನ ಹಾಳೆಯಲ್ಲಿ ನೆಲವಿದೆ, ನೆಲದವರು ಅಳತೆ ತೋರಿಸಲು ಇಟ್ಟ ಪುಟ್ಟ ಆಕೃತಿಗಳು. ಗೋಡೆಯಲ್ಲಿ ಜನರಿದ್ದಾರೆ, ಕಾಲ ಕೆಳಗಿನ ನೆಲ ಇಲ್ಲ. ಮಂಡ್ಯದ ನಿಸರ್ಗಚಿತ್ರ ಬರೆಯುವವರ ಮುಂದೆ ಇವತ್ತಿಗೂ ಇರುವ ಕೆಲಸ ಈ ಎರಡರ ನಡುವಿನದು.

ಹೋಮನ ಉಳಿದ ಬಾಳನ್ನು ಬೇಗ ಹೇಳಿಬಿಡಬಹುದು. 1795ರಲ್ಲಿ ಕಲ್ಕತ್ತೆಗೆ ಹೋದ. ಅಲ್ಲಿ ದೊಡ್ಡವರ ಭಾವಚಿತ್ರಗಳು, ಏಷಿಯಾಟಿಕ್ ಸೊಸೈಟಿಯ ಪುಸ್ತಕಭಂಡಾರದ ಕೆಲಸ, ಪ್ರಾಣಿ ಪಕ್ಷಿಗಳ ಚಿತ್ರಗಳು. 1814ರಲ್ಲಿ ಲಖನೌ ದರಬಾರಿನ ಚಿತ್ರಗಾರನಾದ. ಕುಂಚದ ಜೊತೆಗೆ ನವಾಬನಿಗೆ ಬೇಕಾದ ವಿನ್ಯಾಸಗಳನ್ನೂ ಮಾಡಿಕೊಟ್ಟ. 1834ರಲ್ಲಿ ಕಾನ್ಪುರದಲ್ಲಿ ತೀರಿಕೊಂಡ. ಎಂಬತ್ತು ದಾಟಿದ ಆ ಬಾಳಿನಲ್ಲಿ ಬಯಲಿನಲ್ಲಿ ಕೂತ ಕಾಲ ಸಣ್ಣದು. ಆದರೆ ನಮಗೆ ದಕ್ಕಿದ್ದು ಆ ಸಣ್ಣ ಕಾಲವೇ.

ಮಧ್ಯಾಹ್ನ ಇಳಿಯುತ್ತಿದೆ. ಚೀಲ ಹೆಗಲಿಗೆ ಹಾಕಿ ಪೂರ್ವಕ್ಕೆ ಹೊರಡಿ. ಮಂಡ್ಯ, ಮದ್ದೂರು, ಮಳವಳ್ಳಿ. ಹೋಮನ ಕಾಲದವರಿಗೆ ಇಲ್ಲದಿದ್ದ ಒಂದು ಕಷ್ಟ ಇಲ್ಲಿ ನಿಮಗೆ ಎದುರಾಗುತ್ತದೆ: ಹಸಿರು. ಅವರು ಕಂಡ ಹಸಿರು ಹೊಳೆಯ ಪಕ್ಕದ್ದು, ಕೆರೆಗಳ ಕೆಳಗಿನದು, ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಯಂಥ ಹಳೆಯ ನಾಲೆಗಳದು. ಅದರಾಚೆಗೆ ರಾಗಿ, ಹುರುಳಿಯ ಬೆದ್ದಲು, ಕುರುಚಲು, ಬಂಡೆ. ಈಗ ಕಣ್ಣು ಹರಿದಷ್ಟೂ ಕಬ್ಬು, ಭತ್ತ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, 1930ರ ದಶಕದ ಮೊದಲಿಗೆ ಮುಗಿದು, ಹುಲಿಕೆರೆಯ ಸುರಂಗದೊಳಗಿಂದ ಇರ್ವಿನ್ ನಾಲೆ ಹರಿದು ಬಂತು. ಇವತ್ತಿನ ವಿಶ್ವೇಶ್ವರಯ್ಯ ನಾಲೆ ಅದು. 1933ಕ್ಕೆ ಸಕ್ಕರೆ ಕಂಪನಿ, 1939ಕ್ಕೆ ಮಂಡ್ಯ ಜಿಲ್ಲೆ. ಈ ಬಯಲಿನ ಬಣ್ಣಕ್ಕೆ ನೂರು ವರ್ಷವೂ ತುಂಬಿಲ್ಲ. ನಿಸರ್ಗ ಎಂದು ನೀವು ಬರೆಯಹೊರಟದ್ದು ಕೂಲಿಯವರು ಅಗೆದದ್ದು, ಎಂಜಿನಿಯರುಗಳು ಗೆರೆ ಎಳೆದದ್ದು, ಊರು ಬಿಟ್ಟವರು ಬೆಲೆ ತೆತ್ತದ್ದು.

ನಾಲೆಯ ಏರಿಯ ಮೇಲೆ ಹೊಂಗೆಯ ನೆರಳು ನೋಡಿ ಕೂತುಕೊಳ್ಳಿ. ಟ್ಯೂಬಿನ ಹಸಿರನ್ನು ಹಾಗೇ ಹಾಕಬೇಡಿ. ಮಂಡ್ಯದಲ್ಲಿ ಅದು ಕೂಡಲೇ ಸಿಕ್ಕಿಬೀಳುತ್ತದೆ. ನಾಟಿಯಾದ ವಾರದ ಭತ್ತದಲ್ಲಿ ಹಸಿರಿಗಿಂತ ಆಕಾಶವೇ ಹೆಚ್ಚು, ನೀರಿನ ಮೇಲೆ ಚುಕ್ಕಿ ಚುಕ್ಕಿ. ತಿಂಗಳು ಕಳೆದರೆ ನಿಂಬೆ ಹಳದಿಗೆ ಒಂದು ಹನಿ ನೀಲಿ. ತೆನೆ ಬಾಗಿದಾಗ ಹಸಿರಿನ ಅಡಿಯಲ್ಲಿ ಕಾವಿಯ ಛಾಯೆ. ಬೆಳೆದ ಕಬ್ಬಿಗೆ ಬೂದಿ ಬೆರೆತ ನೀಲಿ ಬೇಕು, ಗರಿಯ ಬೆನ್ನು ತಿರುಗಿದ ಕಡೆ ಬಿಳಿ. ಸೂಲಂಗಿ ಎದ್ದರೆ ಬೆಳ್ಳಿ. ತೆಂಗು ಎಲ್ಲಕ್ಕಿಂತ ಕಪ್ಪು. ಆಲೆಮನೆಯ ಹೊಗೆ ಸಂಜೆ ಹೊತ್ತು ಇವೆಲ್ಲದರ ಮೇಲೆ ಅಡ್ಡಕ್ಕೆ ಮಲಗಿ, ಹಿಂದಿನ ಮರಗಳನ್ನು ಒಂದೇ ಸಮನೆ ಮಸುಕು ಮಾಡಿಕೊಡುತ್ತದೆ. ದೂರ ತೋರಿಸಲು ಇದಕ್ಕಿಂತ ಒಳ್ಳೆಯ ಸಹಾಯ ಬೇರೆ ಇಲ್ಲ.

ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ನಿಮ್ಮ ಹಿಂದೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಮಾತಿಲ್ಲ.

“ಪೋಟೋ ಹೊಡ್ಕಂಡಿದ್ರೆ ಆಯ್ತಿತ್ತಲ್ಲ ಸಾ?”

“ಬರೆದ್ರೆ ಚೆನ್ನಾಗಿ ನೋಡ್ದಂಗಾಗುತ್ತೆ ಯಜಮಾನ್ರೇ.”

“ಅದೂ ಸರಿಯೇ.” ಬಗ್ಗಿ ಇನ್ನಷ್ಟು ನೋಡುತ್ತಾರೆ. “ಗದ್ದೆ ಹಾಕಿದ್ದೀರ, ತೆಂಗು ಹಾಕಿದ್ದೀರ. ನಾಲೆ ಎಲ್ಲಿ?”

ನಾಲೆ ನಿಮ್ಮ ಕಾಲ ಬುಡದಲ್ಲೇ ಇದೆ. ಅದರ ಏರಿಯ ಮೇಲೆ ಕೂತೇ ಅದನ್ನು ಚೌಕಟ್ಟಿನಿಂದ ಹೊರಗೆ ಬಿಟ್ಟಿದ್ದೀರಿ. ಸಿಮೆಂಟಿನ ಗೋಡೆ, ತೂಬಿನ ಕಬ್ಬಿಣ, ತೇಲುವ ಪ್ಲಾಸ್ಟಿಕ್ಕು, ಚಿತ್ರಕ್ಕೆ ಚೆಂದವಲ್ಲ ಎಂದು.

“ನಮ್ದು ಇನ್ನೂ ಕೆಳಗಡೆ ಸಾ, ನಾಲೆ ಕೊನೇಲಿ. ಇಲ್ಲಿ ನಾಟಿ ಮುಗ್ದದೆ, ನಮಗಿನ್ನೂ ನೀರೇ ಬಂದಿಲ್ಲ. ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ. ಅಲ್ಲಿಗ್ ಬಂದು ಬರೀರಿ, ಬೇರೆ ತರನೇ ಕಾಣ್ತದೆ.”

ಎಷ್ಟು ದೂರವೆಂದು ಕೇಳಿದರೆ ಕೈ ಎತ್ತಿ ಮಳವಳ್ಳಿಯ ಕಡೆ ತೋರಿಸುತ್ತಾರೆ. ಒದ್ದೆ ಹಾಳೆಯನ್ನು ಹಲಗೆಗೆ ಕ್ಲಿಪ್ ಹಾಕಿ, ನಾಲೆಯ ನೀರಿನಲ್ಲೇ ಕುಂಚ ತೊಳೆದು, ನೀವು ಎಮ್ಮೆಗಳ ಹಿಂದೆ ಹೊರಡುತ್ತೀರಿ. ಎರಡು ತೂಬು ದಾಟುವುದರೊಳಗೆ ಕಬ್ಬು ಕುಳ್ಳಗಾಗುತ್ತದೆ. ಮೂರನೆಯದರ ಆಚೆ ಬದುಗಳ ಮೇಲೆ ಕತ್ತಾಳೆ, ಬಿರುಕುಬಿಟ್ಟ ಗದ್ದೆ, ರಾಗಿ ಕೊಯ್ದ ಕೂಳೆ, ಅದರ ಹಿಂದೆ ಬೋಳು ಬಂಡೆಯ ಗುಡ್ಡ. ಹೋಮನ ಹಾಳೆಗಳಲ್ಲಿ ಕಂಡಂಥದೇ ನೆಲ. ಯಜಮಾನರು ತಮ್ಮ ಹೊಲದ ಮೂಲೆಯಲ್ಲಿ ಒಂದು ಕಲ್ಲು ತೋರಿಸಿ ಕೂರಲು ಹೇಳುತ್ತಾರೆ. ಹೊಸ ಹಾಳೆ ತೆಗೆಯಿರಿ. ಇನ್ನೊಂದು ಗಂಟೆ ಬೆಳಕಿದೆ. ಈ ಸಲ ನಾಲೆಯ ಗೆರೆಯನ್ನೇ ಮೊದಲು ಎಳೆಯಿರಿ, ಅದರ ಪಕ್ಕದಲ್ಲಿ ಯಜಮಾನರನ್ನು ನಿಲ್ಲಿಸಿ. ಅಳತೆ ತೋರಿಸುವ ಆಕೃತಿಯಾಗಿ ಅಲ್ಲ, ಮುಖ ಕಾಣುವಷ್ಟು ದೊಡ್ಡದಾಗಿ.